ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನ: ಓದಿದ್ದು ನೆನಪಿದ್ದರೂ ಅಂಕ ಸೋರುವುದು ಎಲ್ಲಿ?

ಗುಡಿಬಂಡೆ ಗಾಳಿ

ಹತ್ತನೇ ಕ್ಲಾಸಿನ ಮಕ್ಕಳಿಗೆ ಸಂಜೆ ಹೊತ್ತು ಸಮಾಜ ಹೇಳಿಕೊಡುವವರು, ಪೇಪರ್ ತಿದ್ದುವವರು ಇಲ್ಲಿ ಹಲವರಿದ್ದೀರಿ. ಮೂರು ಪ್ರಶ್ನೆ ಕೇಳ್ತೀನಿ.

ಮೊದಲನೆಯದು ನಕ್ಷೆ. ಜಾಗಗಳ ಹೆಸರೆಲ್ಲ ಬಾಯಿಗೆ ಬರುತ್ತೆ, ಹಾಳೆ ಮೇಲೆ ಚುಕ್ಕಿ ಇಡುವಾಗ ಹಿರಾಕುಡ್ ಅಣೆಕಟ್ಟು ಆಂಧ್ರಕ್ಕೆ ಹೋಗಿರುತ್ತೆ. ಎರಡನೆಯದು ಇತಿಹಾಸದ 1792, 1793, 1798, 1799. ಈ ನಾಲ್ಕು ಇಸವಿ ಒಂದರೊಳಗೊಂದು ಕಲೆಸಿಹೋಗುತ್ತವೆ. ಮೂರನೆಯದು ಸಮಾಜಶಾಸ್ತ್ರ. ಮುಕ್ಕಾಲು ಪುಟ ಬರೆದಿರುತ್ತಾರೆ, ಮೂರಕ್ಕೆ ಒಂದು ಬಂದಿರುತ್ತೆ.

ಬಾಗೇಪಲ್ಲಿ, ಗುಡಿಬಂಡೆ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಬಹಳ. 'ಸ್ತರವಿನ್ಯಾಸ' ಅನ್ನೋ ಪದಕ್ಕೇ ಬೆದರುತ್ತಾರೆ. ಅದನ್ನೂ ಮನಸ್ಸಲ್ಲಿಟ್ಟುಕೊಂಡು ಹೇಳಿ. 'ಚೆನ್ನಾಗಿ ಓದಿಸಿ' ಅನ್ನೋ ಉಪದೇಶ ಮಾತ್ರ ಬೇಡ.

ಕೆಂಪು ಶಾಯಿ

ಮೂರನೆಯದರಿಂದ ಶುರು ಮಾಡೋಣ, ಅಲ್ಲೇ ಹೆಚ್ಚು ಸೋರೋದು. ಕೆಲ ವರ್ಷಗಳಿಂದ ನಡೆದುಬಂದಿರುವ ಮಾದರಿ ಇದು: 80 ಅಂಕ, 38 ಪ್ರಶ್ನೆ. ಬಹು ಆಯ್ಕೆ 8, ಒಂದು ಅಂಕದ್ದು 8, ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಕೊನೆಗೆ 5 ಅಂಕದ ನಕ್ಷೆ. ಕೂಡಿ ನೋಡಿ, ಮೂರು ಅಂಕದವೇ 27. ಮೂರನೇ ಒಂದು ಭಾಗ ಅಲ್ಲೇ ಇದೆ. ಮಕ್ಕಳು ನಾಲ್ಕು ಅಂಕದ್ದಕ್ಕೆ ಹೆದರಿ ಅದನ್ನೇ ಉರು ಹೊಡೀತಾರೆ, ಮೂರು ಅಂಕದ್ದನ್ನು 'ಏನೋ ಬರೆದರಾಯ್ತು' ಅಂತ ಬಿಡ್ತಾರೆ.

ತಿದ್ದುವವರ ಕೈಯಲ್ಲಿರುವ ಮಾದರಿ ಉತ್ತರದಲ್ಲಿ ಮೂರು ಅಂಕದ ಪ್ರಶ್ನೆಗೆ ಸಾಮಾನ್ಯವಾಗಿ 'ಯಾವುದಾದರೂ ಆರು ಅಂಶ, ತಲಾ ಅರ್ಧ ಅಂಕ' ಅಂತಿರುತ್ತೆ. ಎರಡು ಅಂಕಕ್ಕೆ ನಾಲ್ಕು ಅಂಶ, ನಾಲ್ಕಕ್ಕೆ ಎಂಟು. ಅವರು ವಾಕ್ಯದ ಸೊಗಸು ನೋಡೋಕೆ ಕೂತಿಲ್ಲ, ಅಂಶ ಎಣಿಸೋಕೆ ಕೂತಿದ್ದಾರೆ.

'ಬಾಲ್ಯವಿವಾಹದ ದುಷ್ಪರಿಣಾಮಗಳಾವುವು?' ಅನ್ನೋದಕ್ಕೆ ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತೆ:

"ಬಾಲ್ಯವಿವಾಹವು ಸಮಾಜಕ್ಕೆ ಅಂಟಿದ ದೊಡ್ಡ ಪಿಡುಗು. ಇದನ್ನು ನಾವೆಲ್ಲರೂ ಸೇರಿ ಹೋಗಲಾಡಿಸಬೇಕು. ಇದರಿಂದ ಹೆಣ್ಣುಮಕ್ಕಳಿಗೆ ತುಂಬಾ ತೊಂದರೆಯಾಗುತ್ತದೆ. ಅವರ ಜೀವನವೇ ಹಾಳಾಗುತ್ತದೆ. ಶಾಲೆ ನಿಂತುಹೋಗುತ್ತದೆ. ಆರೋಗ್ಯ ಕೆಡುತ್ತದೆ. ಸರ್ಕಾರ ಇದನ್ನು ತಡೆಯಲು ಕಾನೂನು ಮಾಡಿದೆ."

ಏಳು ವಾಕ್ಯ. ಮೊದಲೆರಡು ಭಾಷಣ, ಸೊನ್ನೆ. 'ತೊಂದರೆ', 'ಹಾಳು' ಎರಡೂ ಏನು ಅಂತ ಹೇಳಲ್ಲ, ಸೊನ್ನೆ. ಶಾಲೆಗೆ ಅರ್ಧ, ಆರೋಗ್ಯಕ್ಕೆ ಅರ್ಧ. ಕೊನೆಯದು ನಿಜವೇ, ಆದರೆ ಕೇಳಿದ್ದು ಪರಿಣಾಮ, ಪರಿಹಾರ ಅಲ್ಲ. ಒಟ್ಟು ಒಂದು.

ಅದೇ ಹುಡುಗಿ ಅಷ್ಟೇ ಜಾಗದಲ್ಲಿ ಹೀಗೆ ಬರೆದರೆ: ಶಿಕ್ಷಣ ಅರ್ಧಕ್ಕೆ ನಿಲ್ಲುತ್ತದೆ, ಚಿಕ್ಕ ವಯಸ್ಸಿನ ಗರ್ಭಧಾರಣೆಯಿಂದ ತಾಯಿಗೆ ಜೀವಾಪಾಯ, ರಕ್ತಹೀನತೆ ಮತ್ತು ಅಪೌಷ್ಟಿಕತೆ, ಕಡಿಮೆ ತೂಕದ ಮಗು ಮತ್ತು ಶಿಶುಮರಣ, ದೌರ್ಜನ್ಯವನ್ನು ಪ್ರಶ್ನಿಸುವ ಶಕ್ತಿ ಕುಂದುತ್ತದೆ, ಮಗುವಾಗಿ ಪಡೆಯಬೇಕಾದ ಹಕ್ಕುಗಳು ತಪ್ಪಿಹೋಗುತ್ತವೆ. ಆರು ಅಂಶ, ಆರು ಸಾಲು, ಮೂರು ಅಂಕ. ಪ್ರತಿ ಅಂಶ ಹೊಸ ಸಾಲಿನಿಂದ ಶುರುವಾಗಲಿ. ಒಂದೇ ಪ್ಯಾರಾದಲ್ಲಿ ತುರುಕಿದರೆ ತಿದ್ದುವವರ ಕಣ್ಣಿಗೆ ಎರಡು ಅಂಶ ತಪ್ಪಿಹೋಗೋದು ದೊಡ್ಡ ಮಾತಲ್ಲ.

ತೆಂಗಿನಗರಿ

ಅಂದ್ರೆ ಅಂಶ ಉರು ಹೊಡೆದರೆ ಸಾಕು, ಅರ್ಥ ಬೇಡ ಅಂತಾಯ್ತಲ್ಲ ಸಾರ್?

ಕೆಂಪು ಶಾಯಿ

ಅರ್ಥ ಆಗದ ಅಂಶ ಆರರಲ್ಲಿ ಮೂರು ಮರೆತೇ ಹೋಗುತ್ತೆ. ಪ್ರಶ್ನೆ ಸ್ವಲ್ಪ ತಿರುಗಿಸಿ 'ಕಾರಣ' ಕೇಳಿದರೆ ಉರು ಹೊಡೆದವನು 'ಪರಿಣಾಮ'ವನ್ನೇ ಬರೀತಾನೆ. ಇದು ಪ್ರತಿ ವರ್ಷದ ಗೋಳು. ಒಂದು ಸಾಮಾಜಿಕ ಸಮಸ್ಯೆಗೆ ಒಂದು ಹಾಳೆ ಇಟ್ಟು ನಾಲ್ಕು ಮನೆ ಮಾಡಿ: ಏನದು, ಯಾಕೆ, ಏನಾಗುತ್ತೆ, ತಡೆಯೋಕೆ ಏನಿದೆ. ಯಾವ ಸಾಲು ಯಾವ ಮನೆಗೆ ಸೇರಬೇಕು ಅಂತ ಮಗುವೇ ತೀರ್ಮಾನಿಸಲಿ. 'ಬಡತನ' ಬಾಲಕಾರ್ಮಿಕ ಸಮಸ್ಯೆಯಲ್ಲಿ 'ಯಾಕೆ'ಗೂ ಬರುತ್ತೆ, ಕೂಲಿಗೆ ಹೋದ ಮಗು ಓದಿಲ್ಲದೆ ಮುಂದೆಯೂ ಬಡವನಾಗೇ ಉಳಿಯೋದ್ರಿಂದ 'ಏನಾಗುತ್ತೆ'ಗೂ ಬರುತ್ತೆ. ಆ ಜಗಳ ಅಲ್ಲೇ ಆಗಲಿ ಬಿಡಿ.

ಹಿಪ್ಪುನೇರಳೆ

'ತಡೆಯೋಕೆ ಏನಿದೆ' ಮನೆಯಲ್ಲಿ ಕಾಯ್ದೆಗಳ ಇಸವಿ ಕೂಡ ಕಲೆಸುತ್ತವೆ. ಇಷ್ಟು ಸಾಕು: ವರದಕ್ಷಿಣೆ ನಿಷೇಧ 1961, ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ 1986, ಭ್ರೂಣಲಿಂಗ ಪತ್ತೆ ತಡೆ 1994, ಬಾಲ್ಯವಿವಾಹ ನಿಷೇಧ 2006, ಪೋಕ್ಸೋ 2012. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಗಿದೆ. ಹಳೆ ಗೈಡುಗಳಲ್ಲಿ ಅದಿಲ್ಲ. 14ರೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ, ಮನೆಯವರಿಗೆ ಶಾಲೆ ಬಿಟ್ಟ ಮೇಲೆ ಅಪಾಯವಿಲ್ಲದ ಕೆಲಸದಲ್ಲಿ ನೆರವಾಗೋದಕ್ಕೆ ಮತ್ತು ಬಾಲಕಲಾವಿದರಿಗೆ ಮಾತ್ರ ವಿನಾಯಿತಿ ಇದೆ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಸಹಾಯವಾಣಿ 1098.

ಸಂವಿಧಾನದ ವಿಧಿಗಳಲ್ಲಿ 23 ಮತ್ತು 24 ಅದಲುಬದಲಾಗೋದೇ ಹೆಚ್ಚು. 23 ಮನುಷ್ಯರ ಮಾರಾಟ ಮತ್ತು ಜೀತ. 24 ಕಾರ್ಖಾನೆ, ಗಣಿಗಳಲ್ಲಿ 14ರೊಳಗಿನ ಮಕ್ಕಳು. 17 ಅಸ್ಪೃಶ್ಯತೆ ನಿಷೇಧ, 21ಎ ಶಿಕ್ಷಣದ ಹಕ್ಕು.

ಇನ್ನು ಗುಡಿಬಂಡೆಯವರ ತೆಲುಗಿನ ಮಾತು. ಅದನ್ನು ಅಡ್ಡಿ ಅಂತ ಯಾಕೆ ನೋಡ್ತೀರಿ? ಅರ್ಧ ಪಾಠಕ್ಕೆ ಅದೇ ಊರುಗೋಲು. ಅಸ್ಪೃಶ್ಯತೆ ಅಂದಾಗ ಪಿಳಿಪಿಳಿ ನೋಡುವ ಮಗುವಿಗೆ 'ಅಂಟರಾನಿತನಂ' ಅಂದ ಕೂಡಲೇ ತಿಳಿಯುತ್ತೆ, ಆ ಪದದೊಳಗೇ 'ಮುಟ್ಟಬಾರದು' ಅನ್ನೋದು ಕೂತಿದೆ. ವರದಕ್ಷಿಣೆಗೆ 'ವರಕಟ್ನಂ', ಬರಕ್ಕೆ 'ಕರುವು'. ಸ್ತರ ಅಂದರೆ ಪದರ, ತೆಲುಗಿನ 'ಪೊರ'. ತೋಡಿದ ಬಾವಿಯ ಗೋಡೆಯಲ್ಲಿ ಮಣ್ಣು, ಗರಸು, ಬಂಡೆ ಒಂದರ ಕೆಳಗೊಂದು ಕಾಣುತ್ತಲ್ಲ, ಹಾಗೆ ಜನರನ್ನು ಮೇಲೆ ಕೆಳಗೆ ಅಂತ ಜೋಡಿಸಿರೋದೇ ಸಾಮಾಜಿಕ ಸ್ತರವಿನ್ಯಾಸ. ಬಾಯಲ್ಲಿ ತೆಲುಗು ಬಳಸಿ, ಬರೆಸುವಾಗ ಪಠ್ಯದ ಪದವನ್ನೇ ಬರೆಸಿ.

ಒಂದು ತಮಾಷೆ ಕೇಳಿ. ಇಕ್ಕೇರಿ ಶಿವಪ್ಪ ನಾಯಕನ 'ಶಿಸ್ತು' ಅಂದರೆ ಕನ್ನಡ ಮನೆಮಾತಿನ ಮಗು 'ಡಿಸಿಪ್ಲಿನ್' ಅಂದ್ಕೊಳ್ಳುತ್ತೆ. ತೆಲುಗಿನಲ್ಲಿ ಶಿಸ್ತು ಅಂದರೆ ಈಗಲೂ ಭೂಕಂದಾಯವೇ. ಅಲ್ಲಿ ಸರಿ ಉತ್ತರ ಹೇಳೋದು ತೆಲುಗು ಮನೆಯ ಮಗು.

ಏಕಶಿಲೆ

ಮೇಡಂ ಹೇಳಿದ್ದು ಸೊಗಸಾಗಿದೆ. ನಾನು ಆ ನಾಲ್ಕು ಇಸವಿಗೆ ಬರ್ತೀನಿ.

ಅವು ಕಲೆಸೋದು ಪಠ್ಯದಲ್ಲಿ ಬೇರೆ ಬೇರೆ ಪಾಠಗಳಲ್ಲಿ ಕೂತಿರೋದರಿಂದ. ಮೈಸೂರು ಯುದ್ಧ ಒಂದು ಕಡೆ, ಸಹಾಯಕ ಸೈನ್ಯ ಪದ್ಧತಿ (ರಾಜ ತನ್ನ ಖರ್ಚಿನಲ್ಲಿ ಕಂಪನಿಯ ಸೈನ್ಯ ಇಟ್ಟುಕೊಳ್ಳೋದು) ಇನ್ನೊಂದು ಕಡೆ, ಭೂಕಂದಾಯ ಮತ್ತೊಂದು ಕಡೆ. ಮೂರನ್ನೂ ನಮ್ಮ ನೆಲದ ಮೇಲೆ ತಂದು ಒಂದೇ ಕಥೆ ಮಾಡಿ.

ಮೂರನೇ ಮೈಸೂರು ಯುದ್ಧ, 1790ರಿಂದ 92. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು, ಅಕ್ಟೋಬರ್‌ನಲ್ಲಿ ನಂದಿದುರ್ಗ ಬಿತ್ತು. ಚಿಕ್ಕಬಳ್ಳಾಪುರದ ಮಗು ದಿನಾ ನೋಡುವ ಅದೇ ಬೆಟ್ಟ. ಆ ಸೈನ್ಯದ ದಂಡನಾಯಕ ಗವರ್ನರ್ ಜನರಲ್ ಕಾರ್ನ್‌ವಾಲಿಸ್. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಬಿಟ್ಟುಕೊಟ್ಟ ಸೀಮೆಗಳಲ್ಲಿ ಬಾರಾಮಹಲ್ ಒಂದು. ಅದೆಲ್ಲೋ ದೂರದ ಹೆಸರಲ್ಲ. ಕೋಲಾರದ ಗಡಿ ದಾಟಿದರೆ ಸಿಗುವ ಈಗಿನ ಕೃಷ್ಣಗಿರಿ, ಧರ್ಮಪುರಿ ಕಡೆಯ ಸೀಮೆ. ಅಲ್ಲಿ ಕಂದಾಯ ಎತ್ತಲು ಹೋದವನು ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೊ. ಬಂಗಾಳದ ಹಾಗೆ ದೊಡ್ಡ ಜಮೀನ್ದಾರರು ಅಲ್ಲಿರಲಿಲ್ಲ, ನೇರವಾಗಿ ರೈತನ ಹೆಸರಿಗೇ ಕಂದಾಯ ಕಟ್ಟಿದರು. ರೈತವಾರಿ ಪದ್ಧತಿ ಹುಟ್ಟಿದ್ದು ಹಾಗೆ. ಅಂದರೆ 1792ರ ಒಪ್ಪಂದ ಮತ್ತು ರೈತವಾರಿ ಒಂದೇ ಎಳೆಯ ಎರಡು ತುದಿ.

ಅದೇ ಕಾರ್ನ್‌ವಾಲಿಸ್ ಮರುವರ್ಷ 1793ರಲ್ಲಿ ಬಂಗಾಳದಲ್ಲಿ ಖಾಯಂ ಜಮೀನ್ದಾರಿ ಪದ್ಧತಿ ತಂದ. ಅವನು ಹೋಗಿ, ನಡುವೆ ಜಾನ್ ಶೋರ್ ಬಂದು, 1798ರಲ್ಲಿ ವೆಲ್ಲೆಸ್ಲಿ ಬಂದ. ಬಂದ ವರ್ಷವೇ ಸಹಾಯಕ ಸೈನ್ಯ ಪದ್ಧತಿ, ಮೊದಲು ಒಪ್ಪಿದವನು ಹೈದರಾಬಾದ್ ನಿಜಾಮ. ಒಪ್ಪದವನು ಟಿಪ್ಪು. 1799ರಲ್ಲಿ ನಾಲ್ಕನೇ ಯುದ್ಧ, ಟಿಪ್ಪು ಮರಣ, ಮೈಸೂರಿನ ಗಾದಿಗೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು, ಅವರ ಮೇಲೂ ಅದೇ ಸಹಾಯಕ ಸೈನ್ಯ ಪದ್ಧತಿ.

92, 93 ಕಾರ್ನ್‌ವಾಲಿಸ್. 98, 99 ವೆಲ್ಲೆಸ್ಲಿ. ಇಷ್ಟನ್ನು ಮಗು ಪುಸ್ತಕ ಮುಚ್ಚಿ ಹೇಳಿದರೆ ನಾಲ್ಕು ಇಸವಿಯೂ ಭದ್ರ.

ಹೈದರಾಲಿ ಪಾಠಕ್ಕೂ ಹೀಗೇ. ಅವನು ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೆ ಮಹಮ್ಮದ್‌ನ ಗೋರಿ ಇರುವ ಮಕ್ಬರಾ ಕೋಲಾರ ಊರೊಳಗೇ ಇದೆ. ತುಮಕೂರು ಕಡೆಯವರಿಗೆ ಶಿರಾ ಇದೆ, ಔರಂಗಜೇಬನ ಕಾಲದಿಂದ ಮೊಘಲರ ಸುಬಾ, ಅಂದರೆ ಪ್ರಾಂತ್ಯದ ಕೇಂದ್ರ. ಪರೀಕ್ಷೆಯಲ್ಲಿ ಇವನ್ನು ಬರೆದರೆ ಹೆಚ್ಚುವರಿ ಅಂಕ ಬರಲ್ಲ, ಅದು ಗೊತ್ತಿರಲಿ. ಇಸವಿ ನೇತುಹಾಕೋಕೆ ಗೋಡೆಯಲ್ಲಿ ಗೂಟ ಬೇಕಲ್ಲ, ಅದಕ್ಕೆ.

ಸೋಮೇಶ್ವರ ಬೀದಿ

ಒಂದು ಅನುಮಾನ. 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿ 1848, ಡಾಲ್‌ಹೌಸಿ ಅಂತ ಒಂದು ಪಾಠದಲ್ಲಿದೆ. ಕಿತ್ತೂರಿನಲ್ಲಿ ದತ್ತು ಒಪ್ಪಲಿಲ್ಲ ಅಂತ ಯುದ್ಧ ಆಗಿದ್ದು 1824. ಬುದ್ಧಿವಂತ ಮಕ್ಕಳು ಇಲ್ಲೇ ಸಿಕ್ಕಿಕೊಳ್ತಾರೆ. ಏನು ಹೇಳೋದು?

ಏಕಶಿಲೆ

ಒಳ್ಳೆ ಪ್ರಶ್ನೆ. ಕಂಪನಿ ಅಲ್ಲೊಂದು ಇಲ್ಲೊಂದು ದತ್ತನ್ನು ತಳ್ಳಿಹಾಕೋದು ಡಾಲ್‌ಹೌಸಿಗಿಂತ ಮೊದಲೂ ಇತ್ತು. ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾಡಿದ್ದು ಅದನ್ನೇ, 1824ರ ಅಕ್ಟೋಬರ್‌ನಲ್ಲಿ ಅವನು ಅಲ್ಲೇ ಸತ್ತ. ಡಾಲ್‌ಹೌಸಿ ಬಂದ ಮೇಲೆ ಅದನ್ನು ಎಲ್ಲ ಕಡೆ ಹಾಕುವ ನೀತಿ ಮಾಡಿದ: 1848ರಲ್ಲಿ ಸತಾರಾ, ಆಮೇಲೆ ಸಂಬಲ್‌ಪುರ, ಝಾನ್ಸಿ, ನಾಗಪುರ. ನೀತಿ ತಂದವನು ಯಾರು ಅಂದರೆ ಡಾಲ್‌ಹೌಸಿ. ಕಿತ್ತೂರಿನ ಉತ್ತರದಲ್ಲಿ ಡಾಲ್‌ಹೌಸಿ ಹೆಸರು ಬಂದರೆ ಮಾತ್ರ ತಪ್ಪು.

ಇನ್ನೊಂದು ತಪ್ಪು ನಮ್ಮ ಜಿಲ್ಲೆಯದ್ದೇ. ವಿದುರಾಶ್ವತ್ಥ, ಗೌರಿಬಿದನೂರು ತಾಲ್ಲೂಕು, 1938ರ ಏಪ್ರಿಲ್ 25. 'ಕರ್ನಾಟಕದ ಜಲಿಯನ್‌ವಾಲಾಬಾಗ್' ಅಂತ ಕರೆಯೋದರಿಂದ ಮಕ್ಕಳು 'ಬ್ರಿಟಿಷರು ಗುಂಡು ಹಾರಿಸಿದರು' ಅಂತ ಬರೆದುಬಿಡ್ತಾರೆ. ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಬೇರೆ, ಬ್ರಿಟಿಷರ ನೇರ ಆಳ್ವಿಕೆ ಬೇರೆ ಅನ್ನೋದು ಇಲ್ಲಿ ತಿಳಿಯದಿದ್ದರೆ ಮುಂದೆ ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕು ಅಂತ ನಡೆದ 1947ರ 'ಮೈಸೂರು ಚಲೋ' ಚಳವಳಿ ಯಾಕೆ ಬೇಕಾಯ್ತು ಅನ್ನೋದೂ ತಿಳಿಯಲ್ಲ. ಎರಡು ವಾರ ಮೊದಲು, ಏಪ್ರಿಲ್ 11ಕ್ಕೆ, ಮದ್ದೂರು ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಗಿತ್ತು. ಅದರ ಕಾವು ಇಲ್ಲಿಗೆ ಬಂತು. ಎರಡನ್ನೂ ಒಟ್ಟಿಗೇ ಓದಿಸಿ. ಜಲಿಯನ್‌ವಾಲಾಬಾಗ್ 1919ರ ಏಪ್ರಿಲ್ 13. ಮೂರೂ ಏಪ್ರಿಲ್ ಆಗಿರೋದು ಗೊಂದಲಕ್ಕೂ ದಾರಿ, ನೆನಪಿಗೂ ದಾರಿ.

ಸರ್ವೆ ಸರಪಳಿ

ನಕ್ಷೆ ನನಗೆ ಬಿಡಿ.

ಭಾರತ ಉತ್ತರ-ದಕ್ಷಿಣ 3,214 ಕಿ.ಮೀ., ಪೂರ್ವ-ಪಶ್ಚಿಮ 2,933 ಕಿ.ಮೀ. ಪುಸ್ತಕದಲ್ಲಿ ಒಂದಂಕದ ಪ್ರಶ್ನೆಗಾಗಿ ಓದುವ ಈ ಎರಡು ಸಂಖ್ಯೆಯೇ ನಕ್ಷೆಯ ಚೌಕಟ್ಟು. ಅಭ್ಯಾಸಕ್ಕೆ 16 ಸೆಂ.ಮೀ. ಎತ್ತರ, 14.6 ಸೆಂ.ಮೀ. ಅಗಲದ ಪೆಟ್ಟಿಗೆ ಹಾಕಿಸಿ. ಆಗ 1 ಸೆಂ.ಮೀ.ಗೆ ಹೆಚ್ಚುಕಡಿಮೆ 200 ಕಿ.ಮೀ. ಎಡ-ಕೆಳ ಮೂಲೆಯಿಂದ ಅಳೆಯಿರಿ.

ಮೊದಲು ಎರಡು ಗೆರೆ. ಕೆಳಗಿನಿಂದ 8.5 ಸೆಂ.ಮೀ.ಗೆ ಅಡ್ಡಗೆರೆ, ಅದೇ 23½° ಉತ್ತರ, ಕರ್ಕಾಟಕ ಸಂಕ್ರಾಂತಿ ವೃತ್ತ. ಎಡದಿಂದ 7.2 ಸೆಂ.ಮೀ.ಗೆ ಉದ್ದಗೆರೆ, ಅದೇ 82½° ಪೂರ್ವ ರೇಖಾಂಶ, ನಮ್ಮ ಗಡಿಯಾರದ ಗೆರೆ. ಎರಡೂ ಪೆಟ್ಟಿಗೆಯ ನಡುಮಧ್ಯದ ಹತ್ತಿರವೇ ಬರುತ್ತವೆ. ಪರೀಕ್ಷೆಯಲ್ಲಿ ಈ ಎರಡರಲ್ಲೊಂದನ್ನು ಗುರುತಿಸಲು ಕೇಳೋದು ಮಾಮೂಲು, ಗೆರೆ ಮೊದಲೇ ಹಾಕಿದ್ದರೆ ಆ ಅಂಕ ಆಗಲೇ ಕೈಯಲ್ಲಿ.

ಇನ್ನು ಹೊರರೇಖೆಯ ಮೂಲೆಗಳು. ಕನ್ಯಾಕುಮಾರಿ ಕೆಳಗೆರೆಯ ಮೇಲೆ, ಎಡದಿಂದ 4.7. ಕಛ್‌ನ ಪಶ್ಚಿಮ ತುದಿ ಎಡಗೆರೆಯ ಮೇಲೆ, ಕೆಳಗಿನಿಂದ 8.6, ಅಂದರೆ ಸಂಕ್ರಾಂತಿ ವೃತ್ತ ಎಡಗೆರೆಯನ್ನು ಮುಟ್ಟುವಲ್ಲೇ. ಉತ್ತರ ತುದಿ ಮೇಲಿನ ಗೆರೆಯಲ್ಲಿ, ಎಡದಿಂದ 3.3. ಅರುಣಾಚಲದ ಪೂರ್ವ ತುದಿ ಬಲಗೆರೆಯಲ್ಲಿ, ಕೆಳಗಿನಿಂದ 11. ಒಳಗಡೆ ನಾಲ್ಕು ಊರು: ಮುಂಬೈ ಎಡದಿಂದ 2.4, ಕೆಳಗಿನಿಂದ 6. ಚೆನ್ನೈ 6 ಮತ್ತು 2.8. ಕೋಲ್ಕತ್ತಾ 10 ಮತ್ತು 8. ದೆಹಲಿ 4.5 ಮತ್ತು 11.3. ಈ ಎಂಟು ಚುಕ್ಕಿ ಇಟ್ಟು ಸೇರಿಸಿದರೆ ಭಾರತ ತಾನಾಗೇ ಏಳುತ್ತೆ. ವಾರಕ್ಕೆ ಎರಡು ಸಲದಂತೆ ಆರು ವಾರ ಬರೆದ ಮಗುವಿಗೆ ಅಳತೆಪಟ್ಟಿ ಬೇಕಾಗಲ್ಲ.

ನೆನಪಿಗೆ ಒಂದು ಗೆರೆ: ಮಂಗಳೂರು, ಬೆಂಗಳೂರು, ಕೋಲಾರ, ಚೆನ್ನೈ ನಾಲ್ಕೂ 13° ಉತ್ತರದ ಆಸುಪಾಸಿನಲ್ಲೇ ಇವೆ. ನವಮಂಗಳೂರು ಬಂದರು ಕೇಳಿದರೆ ಚೆನ್ನೈ ಚುಕ್ಕಿಯಿಂದ ನೇರ ಎಡಕ್ಕೆ ಹೋಗಿ ಕರಾವಳಿ ಮುಟ್ಟಿದಲ್ಲಿ ಇಡಿ. ಹಾಗೇ ದೆಹಲಿ, ಬೆಂಗಳೂರು, ಕನ್ಯಾಕುಮಾರಿ ಒಂದೇ ಉದ್ದಗೆರೆಯಲ್ಲಿ, 77° ದಾಟಿ.

ತಪ್ಪುವ ಜಾಗಗಳು:

ನರ್ಮದಾ. ಸಂಕ್ರಾಂತಿ ವೃತ್ತಕ್ಕೆ ಅರ್ಧದಿಂದ ಒಂದು ಸೆಂ.ಮೀ. ಕೆಳಗೆ, ಅಮರಕಂಟಕದಿಂದ ಪಶ್ಚಿಮಕ್ಕೆ ಖಂಬಾತ್ ಕೊಲ್ಲಿಗೆ. ಗೆರೆ ಎಳೆದು ಬಿಟ್ಟರೆ ಸಾಲದು, ಹರಿವಿನ ಬಾಣ ಹಾಕಿಸಿ. ಮಕ್ಕಳು ಅಭ್ಯಾಸಬಲದಿಂದ ಪೂರ್ವಕ್ಕೆ ಹರಿಸಿಬಿಡ್ತಾರೆ.

ಹಿರಾಕುಡ್. ಉದ್ದಗೆರೆಯ ಬಲಕ್ಕೆ 0.7 ಸೆಂ.ಮೀ., ಅಡ್ಡಗೆರೆಯ ಕೆಳಗೆ ಒಂದು ಸೆಂ.ಮೀ. ಒಡಿಶಾದ ಒಳನಾಡು, ಮಹಾನದಿ. ಎರಡು ಗೆರೆ ಹಾಕಿದ್ದರೆ ಅದು ಆಂಧ್ರಕ್ಕೆ ಹೋಗೋ ಮಾತೇ ಇಲ್ಲ.

ಕೋಸಿ ಮತ್ತು ದಾಮೋದರ. ಕೋಸಿ ನೇಪಾಳದಿಂದ ಕೆಳಗಿಳಿದು ಬಿಹಾರದಲ್ಲಿ ಗಂಗೆಗೆ. ದಾಮೋದರ ಜಾರ್ಖಂಡ್‌ನಿಂದ ಪಶ್ಚಿಮ ಬಂಗಾಳಕ್ಕೆ. ಒಂದು ಗಂಗೆಯ ಮೇಲುಗಡೆ, ಇನ್ನೊಂದು ಕೆಳಗಡೆ.

ಬಾಂಬೆ ಹೈ. ಚುಕ್ಕಿ ಮುಂಬೈ ಮೇಲೆ ಇಟ್ಟರೆ ಹೋಯ್ತು. ಅದು ಸಮುದ್ರದಲ್ಲಿದೆ, ದಡದಿಂದ ಸುಮಾರು 160 ಕಿ.ಮೀ., ನಿಮ್ಮ ಪೆಟ್ಟಿಗೆಯಲ್ಲಿ 0.8 ಸೆಂ.ಮೀ.

ಇಂದಿರಾ ಪಾಯಿಂಟ್. 6°45′ ಉತ್ತರ, ಅಂದರೆ ಪೆಟ್ಟಿಗೆಯ ಕೆಳಗೆರೆಗಿಂತ 0.7 ಸೆಂ.ಮೀ. ಕೆಳಗೆ, ಎಡದಿಂದ 12.8ರ ನೇರಕ್ಕೆ. ಕೆಳಗೆ ಜಾಗ ಬಿಡದೆ ಪೆಟ್ಟಿಗೆ ಹಾಕಿದವರು ಇಲ್ಲಿ ಪೆಚ್ಚಾಗ್ತಾರೆ.

ಸಿಲಿಗುರಿ ಹತ್ತಿರದ ಕುತ್ತಿಗೆ. ಕಿರಿದಾದ ಕಡೆ ಸುಮಾರು 22 ಕಿ.ಮೀ., ನಕ್ಷೆಯಲ್ಲಿ 1 ಮಿ.ಮೀ. ಮಕ್ಕಳು ಒಂದು ಸೆಂ.ಮೀ. ದಪ್ಪ ಬರೆದು ಬಾಂಗ್ಲಾದೇಶವನ್ನೇ ನುಂಗಿಹಾಕ್ತಾರೆ.

ತೆಂಗಿನಗರಿ

ಸ್ಕೇಲ್ ಹಿಡಿದು ಇಷ್ಟೆಲ್ಲ ಅಳೆಯುತ್ತಾ ಕೂತರೆ ನಾಲ್ಕು ಅಂಕದ ಪ್ರಶ್ನೆ ಯಾರು ಬರೀತಾರೆ?

ಸರ್ವೆ ಸರಪಳಿ

ಅಳೆಯೋದು ಅಭ್ಯಾಸದಲ್ಲಿ. ಪರೀಕ್ಷೆಯಲ್ಲಿ ಪೆಟ್ಟಿಗೆ, ಎರಡು ಗೆರೆ, ಹೊರರೇಖೆ, ಗುರುತು ಎಲ್ಲ ಸೇರಿ 15 ನಿಮಿಷ. ಅದಕ್ಕಿಂತ ಹೆಚ್ಚು ಹಿಡಿದರೆ ಅಭ್ಯಾಸ ಸಾಲದು ಅಂತ.

ಕೆಂಪು ಶಾಯಿ

ಸಮಯದ ಲೆಕ್ಕ ಬಂದಿದ್ದಕ್ಕೆ ಇದೂ ಇರಲಿ. ಓದಿಕೊಳ್ಳುವ 15 ನಿಮಿಷ ಬಿಟ್ಟು 180 ನಿಮಿಷ. ಒಂದಂಕದ ಹದಿನಾರಕ್ಕೆ 15, ಎರಡಂಕದ್ದಕ್ಕೆ 30, ಮೂರಂಕದ್ದಕ್ಕೆ 60, ನಾಲ್ಕಂಕದ್ದಕ್ಕೆ 35, ನಕ್ಷೆಗೆ 15. ಉಳಿದ 25 ಮರೆತದ್ದಕ್ಕೆ. ನಕ್ಷೆಯನ್ನು ಕೊನೆಯ ಹತ್ತು ನಿಮಿಷಕ್ಕೆ ಬಿಡಬೇಡಿ, ಕೈ ನಡುಗುವ ಹೊತ್ತಲ್ಲಿ ಹೊರರೇಖೆ ಬರಲ್ಲ. ಮೂರಂಕದ್ದು ಮುಗಿಸಿ ನಕ್ಷೆ, ಆಮೇಲೆ ನಾಲ್ಕಂಕದ್ದು.

ಸೋಮೇಶ್ವರ ಬೀದಿ

ಭಾರತದ ಕರಾವಳಿ 7,516.6 ಕಿ.ಮೀ. ಅಂತ ಪುಸ್ತಕ. ಮೊಬೈಲ್‌ನಲ್ಲಿ 11,098.81 ಅಂತ ಬರ್ತಿದೆ. ಯಾವುದು ಬರೆಸೋದು?

ಸರ್ವೆ ಸರಪಳಿ

ಎರಡೂ ಸರ್ಕಾರದ್ದೇ. ಹಳೆಯದು 1970ರ ದಶಕದ್ದು, 1:45,00,000 ಅಳತೆಯ ನಕ್ಷೆಯಿಂದ. ಹೊಸದು 1:2,50,000 ಅಳತೆಯಿಂದ. ನೆಲ ಬೆಳೆದಿಲ್ಲ, ಅಳತೆ ಸೂಕ್ಷ್ಮವಾದಾಗ ಅಳಿವೆ, ಕೊಲ್ಲಿ, ಕೊರಕಲು ಎಲ್ಲ ಲೆಕ್ಕಕ್ಕೆ ಬಂತು. ಕೆರೆಯ ಸುತ್ತ ದಾರ ಹಿಡಿದು ಅಳೆದರೂ ಹೀಗೇ: ಉದ್ದ ಕೋಲಿನಿಂದ ಅಳೆದರೆ ಕಡಿಮೆ, ಗೇಣಿನಿಂದ ಅಳೆದರೆ ಹೆಚ್ಚು. ಉತ್ತರಪತ್ರಿಕೆಗೆ ಕೈಯಲ್ಲಿರುವ ಪಠ್ಯದ ಸಂಖ್ಯೆ. ಕ್ವಿಜ್‌ಗೆ ಹೋಗುವವರಿಗೆ ಎರಡೂ, ಕಾರಣ ಸಮೇತ.

ಹಳೆ ಗೋಡೆನಕ್ಷೆ ಇಟ್ಟುಕೊಂಡವರು ಇನ್ನೊಂದು ನೋಡಿ. ಜಮ್ಮು-ಕಾಶ್ಮೀರ, ಲಡಾಖ್ 2019ರ ಅಕ್ಟೋಬರ್ 31ರಿಂದ ಎರಡು ಕೇಂದ್ರಾಡಳಿತ ಪ್ರದೇಶ. 2020ರ ಜನವರಿ 26ಕ್ಕೆ ದಾದ್ರಾ-ನಗರ್ ಹವೇಲಿಯೂ ದಮನ್-ದಿಯುವೂ ಒಂದಾದವು. ಈಗ 28 ರಾಜ್ಯ, 8 ಕೇಂದ್ರಾಡಳಿತ. ಗೋಡೆಯ ಮೇಲಿನದನ್ನು ಎಣಿಸಿ 29 ಮತ್ತು 7 ಅಂತ ಬರೆಯೋ ಮಕ್ಕಳು ಇನ್ನೂ ಇದ್ದಾರೆ.

ಕೆರೆಕೋಡಿ

ಭೂಗೋಳದಲ್ಲಿ ಗೈಡಿನ ಒಂದು ವಾಕ್ಯ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಯ ಮಕ್ಕಳ ತಲೆ ಕೆಡಿಸಿದೆ: 'ಕರ್ನಾಟಕಕ್ಕೆ ಮಳೆ ನೈಋತ್ಯ ಮಾನ್ಸೂನ್‌ನಿಂದ, ಜೂನ್‌ನಿಂದ ಸೆಪ್ಟೆಂಬರ್.' ಮಗು ಕಿಟಕಿಯಾಚೆ ನೋಡುತ್ತೆ, ಜುಲೈನಲ್ಲಿ ಮೋಡ ಓಡುತ್ತೆ, ಹನಿ ಬೀಳಲ್ಲ. ತೇವವನ್ನೆಲ್ಲ ಪಶ್ಚಿಮಘಟ್ಟ ಇಳಿಸಿಕೊಂಡಿರುತ್ತೆ, ನಾವು ಅದರ ನೆರಳಲ್ಲಿ. ನಮಗೆ ಮಳೆ ಜೋರಾಗೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಅದರ ಹಿಂದೆಯೇ ಬಂಗಾಳ ಕೊಲ್ಲಿಯ ಕಡೆಯ ಹಿಂಗಾರು. ಮನೆಯ ಹಿರಿಯರು ಮಖೆ, ಹುಬ್ಬೆ, ಉತ್ತರೆ, ಹಸ್ತೆ, ಚಿತ್ತೆ ಅಂತ ಎಣಿಸ್ತಾರಲ್ಲ, ಆ ನಕ್ಷತ್ರಗಳ ಪಕ್ಕ ಇಂಗ್ಲಿಷ್ ತಿಂಗಳು ಬರೆಸಿ: ಮಖೆ ಆಗಸ್ಟ್ ಮಧ್ಯ, ಉತ್ತರೆ ಸೆಪ್ಟೆಂಬರ್ ಮಧ್ಯ, ಚಿತ್ತೆ ಅಕ್ಟೋಬರ್. ಪುಸ್ತಕದ 'ಮಾನ್ಸೂನ್ ನಿರ್ಗಮನ ಕಾಲ' ಅಲ್ಲೇ ಕೂರುತ್ತೆ. ಸಾಮಾನ್ಯ ಪ್ರಶ್ನೆಗೆ ಪುಸ್ತಕದ ಉತ್ತರವೇ ಸರಿ, ಕಾರಣ ಮಾತ್ರ ಅಂಗಳದಲ್ಲೇ ತಿಳಿಯುತ್ತೆ.

ಮಣ್ಣೂ ಹಾಗೇ. ನಮ್ಮದು ಗ್ರಾನೈಟು, ನೀಸ್ ಶಿಲೆ ಸವೆದು ಆದ ಕೆಂಪು ಮಣ್ಣು. ಕೆಂಪು ಕಬ್ಬಿಣದ ಆಕ್ಸೈಡಿನದು. ನೀರು ಹಿಡಿದಿಡುವ ಶಕ್ತಿ ಕಡಿಮೆ, ಸಾರಜನಕವೂ ಜೈವಿಕಾಂಶವೂ ಕಡಿಮೆ, ಅದಕ್ಕೇ ರಾಗಿ, ನೆಲಗಡಲೆ. ಅಡಿಯಲ್ಲಿ ಗಟ್ಟಿ ಬಂಡೆ, ನೀರು ನಿಲ್ಲೋದು ಸವೆದ ಪದರದಲ್ಲಿ ಮತ್ತು ಬಿರುಕಿನಲ್ಲಿ ಮಾತ್ರ. ಸಾವಿರ ಅಡಿ ಕೊರೆದರೂ ಬಿರುಕು ಸಿಗದಿದ್ದರೆ ಬರೀ ಪುಡಿ. ಮಣ್ಣು, ನೀರಾವರಿ, ಕೃಷಿ ಅನ್ನೋ ಮೂರು ಪಾಠಕ್ಕೆ ಇದೊಂದೇ ಬೇರು.

ಶಾಲೆಯ ಆಂತರಿಕ 20 ಅಂಕಕ್ಕೆ ಚಟುವಟಿಕೆ ಬೇಕಲ್ಲ, ಚಾರ್ಟ್ ಅಂಗಡಿಯಿಂದ ಗಾಂಧೀಜಿ ಚಿತ್ರ ತಂದು ಅಂಟಿಸೋ ಬದಲು ಊರಿನ ಕೆರೆ ಮಾಡಿಸಿ. ಐದು ಮಕ್ಕಳ ಗುಂಪು, ಎರಡು ಶನಿವಾರ ಸಾಕು.

ಮೊದಲ ದಿನ ಕೆರೆಯ ಅಂಗಗಳ ಚಿತ್ರ: ಏರಿ, ತೂಬು, ಕೋಡಿ, ನೀರು ತರುವ ರಾಜಕಾಲುವೆ, ಕೆಳಗಿನ ಅಚ್ಚುಕಟ್ಟು. ಏರಿಯ ಉದ್ದ ಹೆಜ್ಜೆಯಲ್ಲಿ. ಅದಕ್ಕೆ ಮೊದಲು 20 ಮೀಟರ್ ಟೇಪ್ ಹಿಡಿದು ಆ ಮಗುವಿನ ಎಷ್ಟು ಹೆಜ್ಜೆ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಐವರದು ಐದು ಉದ್ದ. ತೂಬು ಕೆಲಸ ಮಾಡುತ್ತಾ, ಕೋಡಿ ಒಡೆದಿದೆಯಾ, ರಾಜಕಾಲುವೆ ಎಲ್ಲಿ ಮುಚ್ಚಿದೆ ಅನ್ನೋದು ಬರೀಲಿ. ಎರಡನೇ ದಿನ ನೀರಗಂಟಿ (ಕೆರೆಯ ನೀರು ಹಂಚುವವರು) ಇದ್ದರೆ ಅವರನ್ನು, ಇಲ್ಲವೇ ಅಚ್ಚುಕಟ್ಟಿನ ಮೂವರು ರೈತರನ್ನು ಒಂದೇ ಆರು ಪ್ರಶ್ನೆ ಕೇಳಲಿ: ಕೋಡಿ ಕೊನೆಗೆ ಹರಿದ ವರ್ಷ, ಆಗಿನ ಬೆಳೆ, ಈಗಿನ ಬೆಳೆ, ನೀರಿನ ಮೂಲ, ಬೋರಿನ ಆಳ, ನೀರು ಹಂಚಿಕೆಯ ಕ್ರಮ. ಒಂದೇ ಪ್ರಶ್ನೆ ಮೂವರಿಗೂ ಕೇಳಿದರೆ ಮಾತ್ರ ಹೋಲಿಕೆ ಸಾಧ್ಯ.

ಲೆಕ್ಕವೂ ಬರಲಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್. ಒಂದು ಎಕರೆ 4,047 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಬಿದ್ದರೆ ಎಕರೆಗೆ 28 ಲಕ್ಷ ಲೀಟರ್. ಒಂದು ಹೆಕ್ಟೇರ್ ಕೆರೆಯಲ್ಲಿ ಒಂದು ಮೀಟರ್ ನೀರು ನಿಂತರೆ 1 ಕೋಟಿ ಲೀಟರ್. ಹೂಳು ಒಂದು ಮೀಟರ್ ತುಂಬಿದರೆ ಎಷ್ಟು ಹೋಯ್ತು ಅಂತ ಮಗುವೇ ಹೇಳುತ್ತೆ.

ಕೆಡೋದು ಒಂದೇ ಕಡೆ. ಕೋಲಾರದ ಹಲವು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರ್ತಿದೆ. ಚಿಕ್ಕಬಳ್ಳಾಪುರದ ಕೆಲವಕ್ಕೆ ಎಚ್.ಎನ್. ವ್ಯಾಲಿಯದು. ಏಪ್ರಿಲ್‌ನಲ್ಲೂ ಕೆರೆ ತುಂಬಿರೋದು ನೋಡಿ ಮಗು 'ಈ ವರ್ಷ ಮಳೆ ಚೆನ್ನಾಗಿದೆ' ಅಂತ ಬರೆದರೆ ಇಡೀ ವರದಿ ಸುಳ್ಳು. ನೀರಿನ ಮೂಲ ಯಾವುದು ಅನ್ನೋ ಪ್ರಶ್ನೆ ಅದಕ್ಕೇ ಪಟ್ಟಿಯಲ್ಲಿದೆ. ಆ ನೀರನ್ನು ಇನ್ನೊಂದು ಹಂತ ಶುದ್ಧ ಮಾಡಬೇಕು ಅನ್ನೋ ಬೇಡಿಕೆ ಇದೆ, ಅಂತರ್ಜಲ ಮೇಲೆ ಬಂತು ಅನ್ನೋ ಸಮಾಧಾನವೂ ಇದೆ. ಎರಡನ್ನೂ ಬರೀಲಿ. 'ಸಾಮಾಜಿಕ ಸಮಸ್ಯೆ' ಅನ್ನೋದನ್ನು ಎರಡು ಕಡೆಯಿಂದ ನೋಡೋಕೆ ಇದಕ್ಕಿಂತ ಹತ್ತಿರದ ಪಾಠ ಸಿಗಲ್ಲ.

ಹಿಪ್ಪುನೇರಳೆ

ಖನಿಜ ಪಾಠದಲ್ಲಿ ಒಂದು ಸಾಲು ಸೇರಿಸಿ ಅಣ್ಣ. 'ಚಿನ್ನ ತೆಗೆಯುವ ಸ್ಥಳ' ಅಂದರೆ ಮಕ್ಕಳು ಕೆಜಿಎಫ್ ಅಂತ ಬರೀತಾರೆ. ಅದು 2001ರ ಫೆಬ್ರವರಿ 28ಕ್ಕೆ ಮುಚ್ಚಿದೆ. ಈಗ ತೆಗೆಯುತ್ತಿರೋದು ರಾಯಚೂರಿನ ಹಟ್ಟಿಯಲ್ಲಿ. ಕೆಜಿಎಫ್ ಹೆಸರು ಬೇಕಾಗೋದು ಇನ್ನೊಂದು ಉತ್ತರಕ್ಕೆ: 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಮೊದಲು ಹೋಗಿದ್ದು ಅಲ್ಲಿಗೆ. ಹಾಗೇ ಸೌರಶಕ್ತಿಗೆ ಉದಾಹರಣೆ ಕೇಳಿದರೆ ದೂರ ಹೋಗಬೇಡಿ, ಪಾವಗಡದ ಪಾರ್ಕ್ ಇದೆ, 2,050 ಮೆಗಾವ್ಯಾಟ್, ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಮಳೆ ಕಡಿಮೆ, ಬಿಸಿಲು ಹೆಚ್ಚು, ಬಯಲು ನೆಲ: ಕಾರಣ ಕೇಳಿದರೂ ಅಲ್ಲೇ ಸಿಗುತ್ತೆ.

ಗುಡಿಬಂಡೆ ಗಾಳಿ

ಎಲ್ಲರಿಗೂ ಧನ್ಯವಾದ. ಸರ್ವೆಯವರೇ, 16 ಸೆಂ.ಮೀ. ಪೆಟ್ಟಿಗೆ ಉತ್ತರಪತ್ರಿಕೆಗೆ ದೊಡ್ಡದಾಯ್ತೇನೋ. ಪರೀಕ್ಷೆಗೆ ಚಿಕ್ಕದು ಹಾಕಬಹುದಾ, ಆಗ ಅಳತೆ ಏನು?

ಸರ್ವೆ ಸರಪಳಿ

ಹಾಕಬಹುದು. 12 ಎತ್ತರ, 11 ಅಗಲ. ಅಡ್ಡಗೆರೆ ಕೆಳಗಿನಿಂದ 6.4, ಉದ್ದಗೆರೆ ಎಡದಿಂದ 5.4. ಕನ್ಯಾಕುಮಾರಿ ಎಡದಿಂದ 3.5. ಮುಂಬೈ 1.8 ಮತ್ತು 4.5, ಚೆನ್ನೈ 4.6 ಮತ್ತು 2.1, ಕೋಲ್ಕತ್ತಾ 7.6 ಮತ್ತು 6, ದೆಹಲಿ 3.4 ಮತ್ತು 8.5. ಪೂರ್ವ ತುದಿ ಬಲಗೆರೆಯಲ್ಲಿ 8.2. ಇಂದಿರಾ ಪಾಯಿಂಟ್‌ಗೆ ಕೆಳಗೆ ಒಂದು ಸೆಂ.ಮೀ. ಖಾಲಿ ಬಿಡಿಸಿ. ಪೆಟ್ಟಿಗೆ ಎಚ್‌ಬಿ ಪೆನ್ಸಿಲ್‌ನಲ್ಲಿ ತೆಳ್ಳಗೆ, ಹೊರರೇಖೆ ಆದ ಮೇಲೆ ಅಳಿಸಿ. ಎರಡು ಗೆರೆಯಲ್ಲಿ ಕೇಳಿದ್ದನ್ನು ಮಾತ್ರ ಉಳಿಸಿ ಹೆಸರು ಬರೀಲಿ, ಕೇಳದ್ದನ್ನು ಅಳಿಸಲಿ.